ಮೊಳೆಗೆ ತೂಗಿದ ಹೆಣಿಗೆ

ಮದುವೆಯಾಗಿ ಗೋವಾದ ಬಾಯ್ನಾಕ್ಕೆ ಬಂದು ಎಷ್ಟೋ ತಿಂಗಳಾದರೂ ನನ್ನ ಮಾವನ ಮುಖವನ್ನು ನಾನು ನೆಟ್ಟಗೆ ನೋಡಿರಲಿಲ್ಲ. ಸಿಂದಗಿ ಕಡೆಯ ನಮ್ಮ ಮನೆತನದಲ್ಲಿ ಸೊಸೆಯಾದವಳು ಮಾವನ ಎದುರು ಕೂಡುವುದಿಲ್ಲ, ತಲೆಯ ಮೇಲಿನ ಸೆರಗು ಜಾರಗೊಡುವುದಿಲ್ಲ, ಅವರೊಡನೆ ನೇರವಾಗಿ ಮಾತಾಡುವುದಿಲ್ಲ. ಊರಲ್ಲಿ ಅದು ಸುಲಭ. ಅವರು ಪಡಸಾಲೆಯಲ್ಲಿ, ನಾವು ಅಡುಗೆಮನೆಯಲ್ಲಿ. ಬಾಯ್ನಾದಲ್ಲಿ ನಮಗಿದ್ದದ್ದು ಒಂದೇ ಕೋಣೆ. ಮೇಲೆ ತಗಡು, ಬಾಗಿಲ ಹೊರಗೆ ಕಲ್ಲು ಜೋಡಿಸಿದ ಕಟ್ಟೆ, ಕಟ್ಟೆಯ ಮುಂದೆ ಮರಳು, ಅದರಾಚೆ ಸಮುದ್ರ. ಹಾಗಾಗಿ ಮಾವ ಕಟ್ಟೆಯ ಮೇಲಿರುತ್ತಿದ್ದರು, ನಾನು ಒಳಗೆ. ಊಟಕ್ಕೆ ಕರೆಯಬೇಕಾದರೆ ತಾಟನ್ನು ಹೊಸ್ತಿಲ ಹತ್ತಿರ ಇಟ್ಟು ಬಳೆ ಸದ್ದು ಮಾಡುತ್ತಿದ್ದೆ. ಅವರು ಗಂಟಲು ಸರಿಮಾಡಿಕೊಂಡರೆ ಬರುತ್ತಿದ್ದಾರೆಂದು ತಿಳಿದು ಮೂಲೆಗೆ ಸರಿಯುತ್ತಿದ್ದೆ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಗಂಡ ಬೆಳಗಾದರೆ ಬಂದರಿನ ದಗದಕ್ಕೆ ಹೋಗುತ್ತಿದ್ದ. ಅವನು ಬರುವ ತನಕ ಆ ಮನೆಯಲ್ಲಿ ಮಾತೇ ಇರುತ್ತಿರಲಿಲ್ಲ.

ಮಾವನೂ ಹಿಂದೆ ಬಂದರಿನಲ್ಲೇ ಚೀಲ ಹೊತ್ತವರು. ನಡು ಹಿಡಿದುಕೊಂಡ ಮೇಲೆ ಬಿಟ್ಟಿದ್ದರು. ಕೈಗೆ ಕೆಲಸವಿಲ್ಲದ ಮನುಷ್ಯ ಸಮುದ್ರ ನೋಡುತ್ತ ಕುಳಿತಿರುವುದನ್ನು ದಿನಾ ಬೆನ್ನ ಕಡೆಯಿಂದ ನೋಡಿ ನೋಡಿ, ನನಗೆ ಅವರ ಬೆನ್ನು ಮತ್ತು ಬಿಳಿ ರುಮಾಲು ಚೆನ್ನಾಗಿ ಪರಿಚಯವಾಗಿದ್ದವು.

ಎಂಬತ್ತರ ದಶಕದ ಕೊನೆಯ ಮಾತು ಇದು. ನಮ್ಮ ಮನೆಗಳ ಸಾಲಿನ ಒಬ್ಬ ಅಕ್ಕ ಬೋಗ್ಮಾಳೊ ಬೀಚಿನಲ್ಲಿ ಕವಡೆ ಸರ, ದಾರದ ಕೈಪಟ್ಟಿ ಮಾರುತ್ತಿದ್ದಳು. ಮನೆಯಲ್ಲಿ ಕುಳಿತು ಮಂಕಾಗಿದ್ದ ನನ್ನನ್ನು ಅವಳು ನನ್ನ ಗಂಡನಿಗೆ ಹೇಳಿ ಜೊತೆಗೆ ಕರೆದುಕೊಂಡು ಹೋಗತೊಡಗಿದಳು. ಅಲ್ಲಿ ಒಂದು ದಿನ ಬಿಳಿ ಕೂದಲಿನ ವಿದೇಶಿ ಹೆಂಗಸೊಬ್ಬಳು ನನ್ನ ಸರಗಳನ್ನು ನೋಡಿ, ತಲೆಯಾಡಿಸಿ, ತನ್ನ ಮುಂಗೈ ಚಾಚಿದಳು. ಅದರಲ್ಲಿ ಚರ್ಮದ ಎಳೆಗಳನ್ನು ಹೆಣೆದ ಪಟ್ಟಿಯಿತ್ತು. ಹಳೆಯದಾಗಿ ಕಂದು ಬಣ್ಣ ಕಪ್ಪಾಗಿತ್ತು, ಆದರೂ ಒಂದೆಳೆಯೂ ಸಡಿಲವಾಗಿರಲಿಲ್ಲ. ಇಂಥದ್ದು ಇದೆಯೇ ಎಂದು ಕೇಳುತ್ತಿದ್ದಾಳೆಂದು ತಿಳಿಯಿತು. ಇಲ್ಲವೆಂದೆ. ಅವಳು ಹೋದ ಮೇಲೂ ಆ ಪಟ್ಟಿಯೇ ಕಣ್ಣಲ್ಲಿ ಉಳಿಯಿತು. ಜಡೆಯಂತೆ ಇತ್ತು, ಆದರೆ ಜಡೆಯಾಗಿರಲಿಲ್ಲ. ಸುತ್ತಲೂ ಒಂದೇ ತರಹ, ಎಲ್ಲಿ ಶುರು ಎಲ್ಲಿ ಕೊನೆ ಗೊತ್ತಾಗುತ್ತಿರಲಿಲ್ಲ. ಇದನ್ನು ಮಾಡಲು ಬಂದರೆ ಎಷ್ಟು ಚೆನ್ನಾಗಿರುತ್ತದೆ ಅನ್ನಿಸಿತು. ಮಾರುವ ಆಸೆ ಆಮೇಲೆ ಬಂತು. ಮೊದಲು ಬಂದದ್ದು ಬೆರಳಿನ ಆಸೆ.

ಆದರೆ ಯಾರ ಹತ್ತಿರ ಕಲಿಯುವುದು? ವಾಸ್ಕೋದ ಮಾರ್ಕೆಟ್ಟಿನ ಹಿಂದೆ ಎಲ್ಲರೂ ‘ಬಾಯಿ’ ಎಂದು ಕರೆಯುತ್ತಿದ್ದ ಹೆಂಗಸೊಬ್ಬರು ತಮ್ಮ ಮನೆಯಲ್ಲೇ ಹೊಲಿಗೆ, ದಾರದ ಗಂಟಿನ ಕೆಲಸ ಹೇಳಿಕೊಡುತ್ತಿದ್ದರು. ಗಂಡನನ್ನು ಒಪ್ಪಿಸಿ ಅಲ್ಲಿಗೆ ಸೇರಿದೆ. ಒಳ್ಳೆಯ ಹೆಂಗಸು, ಕೊಂಕಣಿಯಲ್ಲಿ ಹೇಳಿದ್ದು ನನಗೆ ಅರ್ಥವಾಗದಿದ್ದರೆ ಹಿಂದಿಯಲ್ಲಿ ಹೇಳುತ್ತಿದ್ದರು. ಆದರೆ ಹುಡುಗಿಯರೆಲ್ಲ ಸಾಲಾಗಿ ಕೂಡಬೇಕು, ಅವರು ನಮ್ಮೆದುರು ಕುಳಿತು ತೋರಿಸುವರು. ಅವರ ಎಡ ನನಗೆ ಬಲ. ಅವರ ಬೆರಳಿನ ಹಿಂದೆ ನನ್ನ ಬೆರಳು ಓಡಿದರೆ ಎಲ್ಲ ಉಲ್ಟಾ ಆಗುತ್ತಿತ್ತು. ಚರ್ಮದ ಕೆಲಸ ಅವರಿಗೂ ಬರುತ್ತಿರಲಿಲ್ಲ. ಅದನ್ನು ಮುಚ್ಚಿಡದೆ ಹೇಳಿದರು. ಒಂದು ಅಂಗಡಿಯಲ್ಲಿ ಚರ್ಮದ ಪಟ್ಟಿಯನ್ನೇ ಕೊಂಡುತಂದು, ಬಿಚ್ಚಿ ನೋಡಿ ಕಲಿಯೋಣವೆಂದು ಕುಳಿತೆ. ಬಿಚ್ಚುವುದು ಚಿಟಿಕೆ ಹೊಡೆದಷ್ಟು ಸುಲಭವಾಯಿತು. ಆಮೇಲೆ ಮಡಿಲಲ್ಲಿ ನಾಲ್ಕು ಸುರುಳಿ ಎಳೆಗಳು ಬಿದ್ದಿದ್ದವು, ಅಷ್ಟೆ.

ಬಿಳಿ ಕೂದಲಿನ ಆ ಹೆಂಗಸು ಬೋಗ್ಮಾಳೊದಲ್ಲಿ ಬಹಳ ದಿನ ಇದ್ದಳು. ಕಂಡಾಗಲೆಲ್ಲ ಅವಳ ಕೈಪಟ್ಟಿಯನ್ನೇ ನೋಡುತ್ತಿದ್ದ ನನ್ನನ್ನು ಅವಳು ಗಮನಿಸಿರಬೇಕು. ಊರಿಗೆ ಹೊರಡುವ ಮುಂಚೆ ಒಂದು ಪುಸ್ತಕ ತಂದು ನನ್ನ ಬುಟ್ಟಿಯಲ್ಲಿಟ್ಟಳು. ನಾನು ಸರವೊಂದನ್ನು ಕೊಡಹೋದರೆ ಕೆನ್ನೆ ಮುಟ್ಟಿ ಹೊರಟುಬಿಟ್ಟಳು.

ಚರ್ಮ ಹೆಣೆಯುವುದನ್ನು ಕಲಿಸುವ ಪುಸ್ತಕ ಅದು. ನಾನು ಏಳನೆಯ ಇಯತ್ತೆಯ ತನಕ ಓದಿದವಳು, ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲೆ. ಆದರೆ ಇದರಲ್ಲಿನ ಒಂದು ಶಬ್ದವೂ ಗುರುತು ಹತ್ತಲಿಲ್ಲ. ಗಂಡ ಅದನ್ನು ಬಂದರಿನ ಗುಮಾಸ್ತರೊಬ್ಬರಿಗೆ ತೋರಿಸಿಕೊಂಡು ಬಂದ.

"ಇದು ಇಂಗ್ಲಿಷ ಅಲ್ಲಂತ. ಬ್ಯಾರೆ ಯಾವುದೋ ದೇಶದ್ದಂತ" ಅಂದ. "ಚಿತ್ರ ಚಲೋ ಅದಾವ. ಚಿತ್ರ ನೋಡಕೋತ ಮಾಡು."

ಚಿತ್ರ ನಿಜವಾಗಿಯೂ ಚೆನ್ನಾಗಿದ್ದವು. ಮುಖವಿಲ್ಲದ ಎರಡು ಕೈಗಳು, ಎಳೆಗಳ ಪಕ್ಕ ಬಾಣದ ಗುರುತು. ಕೈಗಳನ್ನು ಬಾಯಿಯವರ ಕ್ಲಾಸಿನಂತೆ ಎದುರಿನಿಂದ ಬರೆದಿರಲಿಲ್ಲ. ನನ್ನ ಕೈಗಳನ್ನು ನಾನೇ ನೋಡಿಕೊಂಡರೆ ಹೇಗೆ ಕಾಣುತ್ತವೋ ಹಾಗೆ ಬರೆದಿದ್ದರು. ಇದರಿಂದಲೇ ಕಲಿಯಬೇಕು ಎಂದು ನಿಶ್ಚಯಿಸಿ ಕ್ಲಾಸು ಬಿಟ್ಟೆ. ಮಾರ್ಕೆಟ್ಟಿನ ಚಪ್ಪಲಿ ಹೊಲಿಯುವವರ ಹತ್ತಿರ ಉಳಿದ ತುಣುಕುಗಳನ್ನು ಕೇಳಿ ತಂದೆ. ಪಕ್ಕದ ಮನೆಯಾಕೆ ಮೂಗು ಮುರಿದಳು. "ದೇವರು ಇಟ್ಟ ಮನ್ಯಾಗ ತೊಗಲು ತರತಾರೇನು?" ಎಂದು ನನಗೆ ಕೇಳುವಂತೆಯೇ ಅಂದಳು. ಅದು ಕಟ್ಟೆಯ ಮೇಲಿದ್ದ ಮಾವನಿಗೂ ಕೇಳಿಸಿತು. ಅವರು ಏನಾದರೂ ಅಂದಾರೆಂದು ಬಾಗಿಲ ಹಿಂದೆ ನಿಂತೆ. ಅವರು ರುಮಾಲು ಸರಿಮಾಡಿಕೊಂಡು ಸಮುದ್ರ ನೋಡುತ್ತ ಕುಳಿತರು.

ಪುಸ್ತಕದಲ್ಲಿ ಮೊದಲಿಗೇ ನಾಲ್ಕೆಳೆಯ ದುಂಡು ಹೆಣಿಗೆ. ತುದಿಯ ಎಳೆ ಹಿಂದಿನಿಂದ ಎರಡನ್ನು ದಾಟಬೇಕು, ಮರಳಿ ಒಂದರ ಮೇಲೆ ಹಾಯ್ದು ತನ್ನ ಮಗ್ಗುಲಿಗೇ ಬರಬೇಕು. ಆಮೇಲೆ ಆ ಕಡೆಯ ತುದಿಯದು. ಚಿತ್ರದಲ್ಲಿ ನೋಡಲು ಇಷ್ಟೇ. ಮಾಡಹೋದರೆ ಒಂದು ಕೈ ಬಿಗಿ, ಒಂದು ಕೈ ಸಡಿಲ. ನಡುವೆ ಉಪ್ಪು ಕೇಳಲು ಯಾರಾದರೂ ಬಂದರೆ ಯಾವ ಎಳೆಯಲ್ಲಿದ್ದೆ ಅನ್ನುವುದೇ ಮರೆಯುತ್ತಿತ್ತು. ತಪ್ಪಿದ್ದು ಗೊತ್ತಾಗುತ್ತಿತ್ತು, ಎಲ್ಲಿ ತಪ್ಪಿತು ಗೊತ್ತಾಗುತ್ತಿರಲಿಲ್ಲ. ಪುಸ್ತಕದ ಚಿತ್ರಗಳಲ್ಲಿ ಆ ಕೈಗಳು ಒಮ್ಮೆಯೂ ತಪ್ಪು ಮಾಡಿರಲಿಲ್ಲ.

ಒಂದು ಮಧ್ಯಾಹ್ನ ಬೇಸತ್ತು, ಅರ್ಧ ಹೆಣೆದದ್ದನ್ನು ಬಾಗಿಲ ಚೌಕಟ್ಟಿನ ಮೊಳೆಗೆ ತೂಗುಹಾಕಿ ನಳದ ನೀರಿಗೆ ಹೋದೆ. ಸರತಿ ಉದ್ದವಿತ್ತು. ಕೊಡ ಹೊತ್ತು ಮರಳಿ ಬಂದಾಗ ಹೆಣಿಗೆ ಮೊಳೆಯಲ್ಲೇ ಇತ್ತು, ಆದರೆ ಗಿಡ್ಡಾಗಿತ್ತು. ಯಾರೋ ಅದನ್ನು ಕೆಳಗಿನಿಂದ ಬಿಚ್ಚುತ್ತ ಬಂದು, ಒಂದು ಕಡೆ ನಿಂತು, ಅಲ್ಲಿಂದ ಎರಡು ಬೆರಳಿನಷ್ಟು ಉದ್ದ ಸರಿಯಾಗಿ ಹೆಣೆದು ಬಿಟ್ಟಿದ್ದರು. ಆ ಎರಡು ಬೆರಳಿನಷ್ಟು ಎಷ್ಟು ಮಟ್ಟಸವಾಗಿತ್ತೆಂದರೆ ಅದರ ಮೇಲಿನ ನನ್ನ ಕೆಲಸ ಸೊಟ್ಟ ಹಲ್ಲಿನಂತೆ ಕಾಣುತ್ತಿತ್ತು.

ಸಂಜೆ ಗಂಡನನ್ನು ಕೇಳಿದೆ. "ನೀವೇನರ ಮುಟ್ಟಿದ್ರೇನ್ರಿ ಇದನ್ನ?"

"ನಾ ಈಗ ಬರಾಕತ್ತೇನಿ. ನನಗೆಲ್ಲಿ ಬರ್ತೈತಿ ಇದು?" ಅವನು ಹೆಣಿಗೆಯನ್ನು ತಿರುಗಿಸಿ ನೋಡಿ, ದನಿ ತಗ್ಗಿಸಿದ. "ಅಪ್ಪಾ ಮಾಡಿರಬೇಕು. ಊರಾಗ ಬಂಡಿ ಹೊಡೀತಿದ್ದ. ಬಾರಕೋಲು ತಾನ ಹೆಣಕೋತಿದ್ದ, ಮಂದೀಗೂ ಹೆಣದ ಕೊಡತಿದ್ದ."

ಎತ್ತಿನ ಬೆನ್ನಿಗೆ ಬೀಸುವ ಬಾರಕೋಲು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಅದರ ತುದಿಯ ಚರ್ಮವನ್ನು ಯಾರೋ ಕುಳಿತು ಹೆಣೆಯುತ್ತಾರೆ ಅನ್ನುವುದು ಯೋಚನೆಗೇ ಬಂದಿರಲಿಲ್ಲ.

"ಹಂಗಾರ ನಂಗ ಕಲಸರಿ ಅಂತ ನೀವ ಕೇಳ್ರಿ" ಅಂದೆ.

ಗಂಡ ನಕ್ಕ. "ಕೇಳಬೇಕಾಗಿಲ್ಲ. ಆಗಲೇ ಕಲಸಾಕತ್ತಾನ ನೋಡು."

ಮರುದಿನವೂ ಹಾಗೇ ಮಾಡಿದೆ. ಬೇಕೆಂದೇ ಹೆಣಿಗೆಯನ್ನು ಮೊಳೆಗೆ ತೂಗಿ, ಗೋಡೆಯ ಹಿಂದೆ ಪಾತ್ರೆ ತಿಕ್ಕುತ್ತ ಕುಳಿತೆ. ಕಟ್ಟೆಯ ಮೇಲಿಂದ ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಹೆಜ್ಜೆ ಬಾಗಿಲ ತನಕ ಬಂತು, ಹಿಂದೆ ಹೋಯಿತು. ಬಹಳ ಹೊತ್ತಿನ ಮೇಲೆ ಮತ್ತೆ ಬಂತು, ಮತ್ತೆ ಹೋಯಿತು. ಹೋಗಿ ನೋಡಿದರೆ ತಪ್ಪಿನ ತನಕ ಬಿಚ್ಚಿತ್ತು, ಅಲ್ಲಿಂದ ಎರಡು ಬೆರಳಿನಷ್ಟು ಮುಂದುವರಿದಿತ್ತು.

ನಮ್ಮ ಶಾಲೆ ಹೀಗೆ ನಡೆಯಿತು. ನಾನು ಹೆಣೆದು ತೂಗುವುದು, ಅವರು ಬಿಚ್ಚಿ ತಿದ್ದಿ ತೂಗುವುದು. ಬರಬರುತ್ತ ಅವರು ಬಿಚ್ಚುವುದು ಕಡಿಮೆಯಾಯಿತು. ಅವರು ಬಿಚ್ಚದೆ ಬಿಟ್ಟ ದಿನ ರೊಟ್ಟಿ ಬಡಿಯುವಾಗ ನನ್ನ ಕೈಗೆ ಬೇರೆಯೇ ಹುರುಪು ಇರುತ್ತಿತ್ತು. ಒಮ್ಮೆ ಎಳೆಗಳು ಒದ್ದೆಯಾಗಿ ಇದ್ದವು. ನೀರು ಚೆಲ್ಲಿದೆಯೆಂದುಕೊಂಡು ಬಿಸಿಲಿಗಿಟ್ಟೆ. ಮರುದಿನವೂ ಒದ್ದೆ. ಆಗ ತಿಳಿಯಿತು, ತೊಗಲನ್ನು ತುಸು ನೆನೆಸಿ ಹೆಣೆದರೆ ಮಾತು ಕೇಳುತ್ತದೆ, ಒಣಗಿದ ಮೇಲೆ ತಾನೇ ಬಿಗಿಯಾಗುತ್ತದೆ. ಇನ್ನೊಮ್ಮೆ ಮೊಳೆಗೆ ಬಾರಿನ ಉದ್ದನೆಯ ಸುರುಳಿ ತೂಗುತ್ತಿತ್ತು. ಅಷ್ಟು ಉದ್ದದ ತೊಗಲು ನಮ್ಮ ಮನೆಯಲ್ಲಿ ಇರಲೇ ಇಲ್ಲ. ನಾನು ಅಂಗೈಯಷ್ಟಗಲದ ತುಣುಕುಗಳನ್ನು ನೆಟ್ಟಗೆ ಕತ್ತರಿಸಿ, ಗಿಡ್ಡ ಎಳೆಗಳು ಸಾಲದೆ ಒದ್ದಾಡುತ್ತಿದ್ದೆ. ಅವರು ಅದೇ ತುಣುಕನ್ನು ದುಂಡಗೆ ಮಾಡಿ, ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿನ ತನಕ ಕೊಯ್ದು ಒಂದೇ ಬಾರು ತೆಗೆದಿದ್ದರು. ಕಟ್ಟೆಯ ಕಲ್ಲಿನ ಸಂದಿಯಲ್ಲಿ ನೆಟ್ಟ ಹರಿತ ತಗಡನ್ನು ನೋಡಿ ಅದನ್ನು ಊಹಿಸಿದೆ.

ಹೀಗಿದ್ದರೂ ನಾವು ಒಂದು ಮಾತೂ ಆಡಿರಲಿಲ್ಲ. ತಾಟು ಇಡುವುದು, ಬಳೆ ಸದ್ದು, ಗಂಟಲಿನ ಸದ್ದು, ಎಲ್ಲ ಮೊದಲಿನಂತೆಯೇ. ಆದರೆ ಈಗ ತಾಟಿನಲ್ಲಿ ಅವರಿಗೆ ಬೇಕಾದ ಶೇಂಗಾ ಚಟ್ನಿ ಇನ್ನಷ್ಟು ಹಾಕುತ್ತಿದ್ದೆ. ಅವರು ಬೆಳಿಗ್ಗೆ ದೋಣಿಯವರೊಡನೆ ಮಾತಾಡುವುದು ಹೆಚ್ಚಾಗಿತ್ತು. ಮನಸ್ಸು ಹಗುರಾಗಿದೆಯೆಂದು ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಪುಸ್ತಕದ ನಡುವಿನ ಒಂದು ಪುಟ ನನ್ನನ್ನು ಬಹಳ ಕಾಡುತ್ತಿತ್ತು. ಅದರಲ್ಲಿ ಒಂದೇ ಅಗಲ ಪಟ್ಟಿ. ಅದರ ನಡುವೆ ಉದ್ದಕ್ಕೆ ಎರಡು ಸೀಳು. ಸೀಳಿದಾಗ ಮೂರು ಎಳೆಗಳಾದವು, ಆದರೆ ಮೇಲಿನ ತುದಿಯೂ ಕೂಡಿದೆ, ಕೆಳಗಿನ ತುದಿಯೂ ಕೂಡಿದೆ. ಕೊನೆಯ ಚಿತ್ರದಲ್ಲಿ ಅದೇ ಪಟ್ಟಿ ಜಡೆಯಾಗಿ ಕುಳಿತಿದೆ. ತುದಿ ಬಿಚ್ಚದೆ ಜಡೆ ಹೆಣೆಯುವುದು ಹೇಗೆ? ನಡುವಿನ ಚಿತ್ರಗಳನ್ನು ಮತ್ತೆ ಮತ್ತೆ ನೋಡಿದೆ. ಬಾಣಗಳು ಕೆಳತುದಿಯನ್ನೇ ಎಳೆಗಳ ನಡುವೆ ತೂರಿಸುತ್ತಿದ್ದವು. ಮೇಲೆ ಹೆಣೆದಂತೆ ಕೆಳಗೆ ತಾನೇ ಸಿಕ್ಕು ಬೀಳುತ್ತದೆ, ಕೆಳತುದಿಯನ್ನು ಸಂದಿಯೊಳಗೆ ತೂರಿಸಿದರೆ ಆ ಸಿಕ್ಕು ಬಿಡುತ್ತದೆ. ಕೆಡಿಸಿದ ಪಟ್ಟಿಗಳು ಗುಡ್ಡೆಯಾದ ಮೇಲೆ ಒಂದು ಸರಿಯಾಯಿತು. ಅದನ್ನು ಮೊಳೆಗೆ ತೂಗಿ ಒಳಗೆ ಹೋದೆ.

ಅದನ್ನು ತೂಗಿದ್ದು ಮಾವನನ್ನು ಪರೀಕ್ಷೆ ಮಾಡಲಿಕ್ಕಲ್ಲ. ತೋರಿಸಬೇಕು ಅನ್ನಿಸಿತು. ತೋರಿಸಲು ನನಗೆ ಅವರನ್ನು ಬಿಟ್ಟು ಯಾರಿದ್ದರು?

ಅವತ್ತು ಅವರು ಅದನ್ನು ತೆಗೆದುಕೊಂಡು ಹೋದವರು ಊಟದ ಹೊತ್ತಾದರೂ ತರಲಿಲ್ಲ. ಬಾಗಿಲ ಸಂದಿಯಿಂದ ನೋಡಿದೆ. ಪಟ್ಟಿಯನ್ನು ಕಣ್ಣಿನ ಹತ್ತಿರ ತರುವುದು, ದೂರ ಹಿಡಿಯುವುದು, ತುದಿಗಳನ್ನು ಉಗುರಿನಿಂದ ಕೆರೆದು ಎಲ್ಲಾದರೂ ಅಂಟಿಸಿದೆಯೋ ಎಂದು ನೋಡುವುದು. ಬಳೆ ಸದ್ದು ಮಾಡಿದೆ, ಕೇಳಿಸಲಿಲ್ಲ. ರೊಟ್ಟಿ ಆರಿತು. ಕಡೆಗೆ ಹೆಜ್ಜೆ ಸದ್ದಾಯಿತು. ಹೊಸ್ತಿಲ ಹತ್ತಿರ ನಿಂತದ್ದು ಹಿಂದೆ ಹೋಗಲಿಲ್ಲ.

"ಯವ್ವಾ" ಎಂಬ ದನಿ ಬಂತು.

ಯಾರನ್ನು ಕರೆಯುತ್ತಿದ್ದಾರೆಂದು ಒಂದು ಕ್ಷಣ ತಿಳಿಯಲಿಲ್ಲ. ಮನೆಯಲ್ಲಿ ನಾನೊಬ್ಬಳೇ ಇದ್ದೆ.

"ಯವ್ವಾ, ಇದನ್ನ ಹೆಂಗ ಮಾಡಿದಿ? ತುದಿ ಎರಡೂ ಕೂಡೇ ಅದಾವಲ್ಲ. ನನಗ ತಿಳೀವಲ್ತು."

ಸೆರಗು ಎಳೆದುಕೊಂಡು ಗೋಡೆಗೆ ಆತು ನಿಂತೆ. "ಪುಸ್ತಕದಾಗ ಐತ್ರಿ" ಎಂದೆ. ಅದು ನಾನು ಅವರಿಗೆ ಹೇಳಿದ ಮೊದಲ ಮಾತು.

"ನಾ ಪುಸ್ತಕ ನೋಡಿದ್ರ ತಿಳೀತೈತೇನು? ನೀ ಮಾಡಿ ತೋರಸು."

ಮಾಡಿ ತೋರಿಸಬೇಕಾದರೆ ಕೂಡಬೇಕು. ಎದುರು ಕೂಡುವಂತಿಲ್ಲ. ಎದುರು ಕುಳಿತರೆ ಎಲ್ಲ ಉಲ್ಟಾ ಕಾಣುತ್ತದೆ ಅನ್ನುವುದೂ ನನಗೆ ಗೊತ್ತಿತ್ತು. ಒಂದು ಪಟ್ಟಿ ಸೀಳಿ, ನೀರಲ್ಲಿ ಅದ್ದಿ, ಹೊರಗೆ ಹೋಗಿ ಕಟ್ಟೆಯ ಮೇಲೆ ಅವರ ಮಗ್ಗುಲಲ್ಲಿ, ಸಮುದ್ರದ ಕಡೆ ಮುಖ ಮಾಡಿ ಕುಳಿತೆ. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತಿದ್ದವಳು ನೋಡುತ್ತ ನಿಂತಳು. ಮಾವ ಅವಳ ಕಡೆ ತಿರುಗದೆ, "ಹೂಂ, ಶುರು ಮಾಡು" ಅಂದರು.

ನಿಧಾನಕ್ಕೆ ತೋರಿಸಿದೆ. ತುದಿಯನ್ನು ಮೊದಲ ಸಲ ತೂರಿಸಿದಾಗ ಅವರು ಕೈ ಅಡ್ಡ ಹಿಡಿದರು.

"ತಡಿ. ಎಲ್ಲಿ ಹಾಕಿದಿ?"

"ಇಲ್ಲಿ, ಈ ಎರಡರ ನಡಕ್ರಿ."

"ಮತ್ತೊಮ್ಮೆ ತೆಗದು ಹಾಕು."

ತೆಗೆದು ಹಾಕಿದೆ. ಎಳೆಗಳ ಸಿಕ್ಕು ತಾನೇ ಬಿಟ್ಟುಕೊಂಡಿತು. ಮಾವ ನಕ್ಕರು. ಅವರ ನಗು ನಾನು ಕೇಳಿದ್ದು ಅದೇ ಮೊದಲು, ಚಿಕ್ಕ ಹುಡುಗರ ತರಹ ಮೂಗಿನಲ್ಲಿ ನಕ್ಕರು. ಆಗ ತಲೆ ಎತ್ತಿ ಅವರ ಮುಖ ನೋಡಿದೆ. ಗಂಡನ ಕಣ್ಣುಗಳೇ. ಹುಬ್ಬಿನ ಹತ್ತಿರ ಹಳೆಯ ಗಾಯದ ಕಲೆ ಇತ್ತು. ಅದು ಹೇಗಾಯಿತೆಂದು ಕೇಳಿದೆ. ಎತ್ತು ಒದ್ದದ್ದು ಎಂದರು.

ಆಮೇಲೆ ಮಾತು ನಿಲ್ಲಲಿಲ್ಲ. ಸೆರಗು ತಲೆಯ ಮೇಲೆಯೇ ಇತ್ತು, ಆದರೆ ಮಗ್ಗುಲಲ್ಲಿ ಕೂಡುವುದು ರೂಢಿಯಾಯಿತು. ಗಂಡ ಮೊದಲ ದಿನ ದೂರದಿಂದ ನಮ್ಮಿಬ್ಬರನ್ನು ಕಂಡು ಹೆಜ್ಜೆ ನಿಧಾನ ಮಾಡಿದ. ಬಂದವನು ಚಹಾಕ್ಕೆ ತಾನೇ ಒಲೆ ಹಚ್ಚಿದ. ಅತ್ತೆಯ ವಿಷಯ ನನಗೆ ತಿಳಿದದ್ದೆಲ್ಲ ಆ ಕಟ್ಟೆಯ ಮೇಲೆಯೇ. ಅವರಿಗೆ ಸಮುದ್ರವೆಂದರೆ ಹೆದರಿಕೆಯಂತೆ. ಬಾಯ್ನಾಕ್ಕೆ ಬಂದ ಹೊಸತರಲ್ಲಿ ರಾತ್ರಿ ನೀರು ಒಳಗೆ ಬಂದೀತೆಂದು ಹೊಸ್ತಿಲಿಗೆ ಕಲ್ಲು ಅಡ್ಡ ಇಡುತ್ತಿದ್ದರಂತೆ. "ನಾ ನಗತಿದ್ದೆ" ಅಂದರು ಮಾವ. "ನಗಬಾರದಿತ್ತು. ಕಲ್ಲ ಇಡಾಕ ನಾನೂ ಕೈ ಹಚ್ಚಬೇಕಿತ್ತು." ಅಷ್ಟು ಹೇಳಿ ಬಾರನ್ನು ಬಿಗಿಯಾಗಿ ಎಳೆದರು.

ಮಳೆಗಾಲದಲ್ಲಿ ಬೀಚಿಗೆ ಯಾರೂ ಬರುವುದಿಲ್ಲ. ತೊಗಲಿಗೆ ಹಸಿರು ಬೂಸರು ಹಿಡಿಯುತ್ತದೆ, ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿಡಬೇಕು. ಆ ತಿಂಗಳುಗಳಲ್ಲಿ ನಾವು ಪುಸ್ತಕದ ಒಂದೊಂದೇ ಪುಟ ಹಿಡಿದು ಕೂಡುತ್ತಿದ್ದೆವು. ಚಿತ್ರ ಅರ್ಥ ಮಾಡುವುದು ನನ್ನ ಕೆಲಸ, ಎಳೆ ಎಷ್ಟು ಬಿಗಿಯಬೇಕೆಂದು ಹೇಳುವುದು ಅವರದು. ಮಳೆಯ ಸದ್ದಿಗೆ ಬೇಸರವಾದಾಗ, "ಏನು ಬರದಾರ ಓದವ್ವಾ" ಅನ್ನುವರು. ತಿಳಿಯದ ಭಾಷೆಯ ಅಕ್ಷರಗಳನ್ನು ಕೂಡಿಸಿ ನಾನು ಬಾಯಿಗೆ ಬಂದಂತೆ ಓದುತ್ತಿದ್ದೆ. ಅವರು ಗಂಭೀರವಾಗಿ ಕೇಳಿ, "ಖರೇ ಐತಿ ಬಿಡು" ಎಂದು ತಲೆಯಾಡಿಸುತ್ತಿದ್ದರು. ಇಬ್ಬರಿಗೂ ನಗು ತಡೆಯಲಾಗುತ್ತಿರಲಿಲ್ಲ. ಕೊನೆಯ ಪುಟಗಳ ಎಂಟೆಳೆಯ ಹೆಣಿಗೆ ಮಾತ್ರ ನಮಗೆ ಒಲಿಯಲೇ ಇಲ್ಲ.

ನನಗೆ ಮಗಳು ಹುಟ್ಟಿದ ಮೇಲೂ ಕೆಲಸ ನಡೆಯಿತು. ಅಂಜುಣದ ಬುಧವಾರದ ಸಂತೆಗೆ ಮಾವನೂ ಬರುತ್ತಿದ್ದರು. ಬಸ್ಸು ಬದಲಿಸುತ್ತ ಹೋಗುವುದು ಅವರ ನಡುವಿಗೆ ಕಷ್ಟವಾದರೂ ಬಿಡುತ್ತಿರಲಿಲ್ಲ. ಚಾಪೆಯ ಮೇಲೆ ನಮ್ಮ ಪಟ್ಟಿಗಳನ್ನು ಹರಡಿ, ಬಂದ ವಿದೇಶಿಯರಿಗೆ ಕನ್ನಡದಲ್ಲೇ ವಿವರಿಸುತ್ತಿದ್ದರು. "ಇದು ನಮ್ಮ ಸೊಸಿ ಮಾಡಿದ್ದು. ಜಗ್ಗಿ ನೋಡ್ರಿ, ಹರಿಯೂದಿಲ್ಲ." ಅವರು ಜಗ್ಗಿ ನೋಡುತ್ತಿದ್ದರು. ಅದೇನು ತಿಳಿಯುತ್ತಿತ್ತೋ, ನಗುತ್ತ ಕೊಳ್ಳುತ್ತಿದ್ದರು.

ತೊಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಅವರ ಬೆರಳುಗಳು ನಡುಗತೊಡಗಿದವು. ಒಂದು ದಿನ ಬಾರನ್ನು ನನ್ನ ಮಡಿಲಲ್ಲಿಟ್ಟು, "ಇನ್ನ ಸಾಕವ್ವಾ, ನೀ ಮಾಡು, ನಾ ನೋಡತೇನಿ" ಅಂದರು. ಆಮೇಲೆ ನಿಜವಾಗಿಯೂ ನೋಡುತ್ತ ಕೂಡುತ್ತಿದ್ದರು, ಮೊಮ್ಮಗಳು ಅವರ ಬೆನ್ನಿಗೆ ಜೋತುಬಿದ್ದಿರುತ್ತಿದ್ದಳು. ಮುಂದಿನ ಮಳೆಗಾಲ ಮುಗಿದು, ಸಮುದ್ರ ತಿಳಿಯಾಗುವ ದಿನಗಳಲ್ಲಿ ಜ್ವರ ಬಂತು. ಬಹಳ ನರಳಲಿಲ್ಲ. ಕೊನೆಯ ದಿನ ಗಂಜಿ ಕುಡಿಸುವಾಗ ನನ್ನ ಬೆರಳುಗಳನ್ನು ಹಿಡಿದು, ಎಳೆ ಎಳೆದು ಗಟ್ಟಿಯಾದ ಚರ್ಮವನ್ನು ಹೆಬ್ಬೆರಳಿನಿಂದ ಸವರಿ, "ಚಲೋ ಕೈ" ಎಂದರು. ನಾನು ಹೊರಗೆ ಹೋಗಿ, ಕಟ್ಟೆಗೆ ಆತು ಅತ್ತುಬಿಟ್ಟೆ. ಪಕ್ಕದ ಮನೆಯಾಕೆ ಬಂದು ನನ್ನ ತಲೆ ಹಿಡಿದುಕೊಂಡಳು.

ಅವರು ಹೋದ ಎರಡನೆಯ ವರ್ಷ ಗಂಡನಿಗೆ ಕುಂಕಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಕ್ಕಿತು. ನಾವು ಅಲ್ಲಿಗೆ ಹೋದೆವು. ಅಲ್ಲಿನ ಚಾಳಿನಲ್ಲಿ ನಮ್ಮ ಕಡೆಯ ಹೆಂಗಸರು ಬಹಳ ಮಂದಿ. ನನ್ನ ಕೆಲಸ ನೋಡಿ, ಯಾವ ಪುಸ್ತಕ ತರಿಸಬೇಕು, ಯಾವ ಕ್ಲಾಸಿಗೆ ಹೋಗಬೇಕು ಎಂದು ಕೇಳುವರು. ಆಗ ಹೆಣಿಗೆ ಕಲಿಸುವ ವಿಡಿಯೋ ಕ್ಯಾಸೆಟ್ಟುಗಳೂ ಬಂದಿದ್ದವು. ಒಬ್ಬಾಕೆಯ ಅಣ್ಣ ಎಲ್ಲಿಂದಲೋ ಒಂದು ತಂದುಕೊಟ್ಟಿದ್ದ. ಎಲ್ಲರೂ ಕೂಡಿ ನೋಡಿದೆವು, ಎಷ್ಟು ಜಲ್ದಿ ಓಡುತ್ತಿತ್ತೆಂದರೆ ಕಣ್ಣು ಮಿಟುಕಿಸುವುದರಲ್ಲಿ ಗಂಟು ಮುಗಿದಿರುತ್ತಿತ್ತು. ಪುಸ್ತಕವಾದರೆ ಕೈಗಳನ್ನು ನಿಮ್ಮ ಕಡೆಯಿಂದ ಬರೆದದ್ದನ್ನು ನೋಡಿ ತಗೊಳ್ಳಿ, ಒಂದೇ ಹೆಣಿಗೆ ಹಿಡಿದು ಅದು ಬರುವ ತನಕ ಮುಂದಿನ ಪುಟ ತೆಗೆಯಬೇಡಿ, ಮೊದಲೇ ಒಳ್ಳೆಯ ತೊಗಲು ಕೊಂಡು ಕೆಡಿಸಬೇಡಿ ಎಂದು ನನಗೆ ತಿಳಿದಷ್ಟು ಹೇಳುತ್ತಿದ್ದೆ. ಕೆಲವರು ಕಲಿತರು, ಕೆಲವರು ಬಿಟ್ಟರು.

ಒಂದು ರವಿವಾರ ಗಂಡ ತಾನಾಗಿ ಬಂದು ನನ್ನ ಪಕ್ಕ ಕುಳಿತ. ಬಂದರಿನಲ್ಲಿ ಹೊತ್ತು ಹೊತ್ತು ಅವನ ಕೈಗಳು ಹಲಗೆಯಂತಾಗಿದ್ದವು.

"ನನಗೂ ಕಲಸು" ಎಂದ. "ಅಪ್ಪನ ಹಂತೇಕ ನಾ ಕಲೀಲೇ ಇಲ್ಲ. ಅಂವ ಕರದಿದ್ದಾ, ನಾ ಆಡಾಕ ಹೋಗತಿದ್ದೆ."

ಮೂರೆಳೆಯಿಂದ ಶುರು ಮಾಡಿಸಿದೆ. ಮಧ್ಯಾಹ್ನವೆಲ್ಲ ನಾಲಿಗೆ ಕಚ್ಚಿಕೊಂಡು ಹೆಣೆದ. ಮಗಳು ನಕ್ಕಳು, ಅವನು ಗದರಿಸಲಿಲ್ಲ. ಕಡೆಗೆ ಹೆಬ್ಬೆರಳಿನಷ್ಟು ಉದ್ದದ, ಒಂದು ಕಡೆ ಉಬ್ಬಿದ ತುಣುಕೊಂದು ತಯಾರಾಯಿತು. ನಾನು ಕೈ ಚಾಚಿದರೆ ಅದನ್ನು ನನಗೆ ಕೊಡಲಿಲ್ಲ. ಮರುದಿನ ಪಾಳಿಗೆ ಹೋಗುವಾಗ ನೋಡಿದೆ, ಸೈಕಲ್ಲಿನ ಕೀಲಿಗೆ ಅದನ್ನು ಕಟ್ಟಿಕೊಂಡಿದ್ದ.